ಚಿಟಿಕೆ ಮೆಂತ್ಯ, ಹಿಡಿ ಮೆಂತ್ಯ



ನಾಳೆಯ ದೋಸೆಗೆಂದು ನಿಮ್ಮ ಮನೆಯಲ್ಲಿ ಅಕ್ಕಿ, ಉದ್ದು ನೆನೆಹಾಕಿದ್ದರೆ ಆ ಪಾತ್ರೆಗೆ ಕೈಹಾಕಿ ನೆನೆದ ಮೆಂತ್ಯದ ಕಾಳೊಂದನ್ನು ಎತ್ತಿಕೊಳ್ಳಿ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಹಿಸುಕಿ. ಮೊದಲು ತೆಳುವಾದ ಸಿಪ್ಪೆ ಜಾರುತ್ತದೆ. ಅದರ ಕೆಳಗೆ ಗಾಜಿನಷ್ಟು ತಿಳಿಯಾದ ಒಂದು ಲೋಳೆಯ ಪದರ. ಅದರೊಳಗೆ ಹಳದಿ ಬಣ್ಣದ ಎರಡು ಪುಟ್ಟ ಬೇಳೆಗಳು. ಲೋಳೆಯನ್ನು ನಾಲಿಗೆಗೆ ಇಟ್ಟರೆ ಹೆಚ್ಚುಕಡಿಮೆ ಸಪ್ಪೆ. ಬೇಳೆಯನ್ನು ಕಡಿದರೆ ಕಹಿ. ಸಾಸಿವೆಗಿಂತ ತುಸು ದೊಡ್ಡದಾದ ಈ ಕಾಳಿನೊಳಗೆ ಹೀಗೆ ಎರಡು ಬೇರೆ ಬೇರೆ ವಸ್ತುಗಳು ಕೂತಿವೆ. ದೋಸೆ ಮೆತ್ತಗಾಗುವುದು, ಸಕ್ಕರೆ ಕಾಯಿಲೆಯವರಿಗೆ ಮೆಂತ್ಯ ತಿನ್ನಿ ಎನ್ನುವುದು, ಇದರ ಬಹುಪಾಲು ಆ ಲೋಳೆಯ ಕೆಲಸ. ಹುಳಿಗೆ, ಗೊಜ್ಜಿಗೆ, ಉಪ್ಪಿನಕಾಯಿಗೆ ಬರುವ ರುಚಿ ಆ ಬೇಳೆಯ ಕೆಲಸ. ಇವತ್ತು ನಾನು ಹೇಳಬೇಕೆಂದಿರುವ ಮಾತೆಲ್ಲ ಈ ಎರಡರ ಸುತ್ತಲೇ ಇದೆ.

ನಮ್ಮ ಕಡೆ ಇದನ್ನು ಮೆಂತ್ಯ ಎನ್ನುತ್ತೇವೆ. ಉತ್ತರ ಕರ್ನಾಟಕದಲ್ಲೂ ಕರಾವಳಿಯಲ್ಲೂ ಮೆಂತೆ, ಮೆಂತ್ಯೆ. ತೆಲುಗರಿಗೆ ಮೆಂತುಲು, ತಮಿಳರಿಗೆ ವೆಂದಯಂ, ಸಂಸ್ಕೃತದಲ್ಲಿ ಮೇಥಿಕಾ. ಮಲಯಾಳಿಗಳು ಮಾತ್ರ ಉಲುವ ಎನ್ನುತ್ತಾರೆ. ಆ ಮಾತು ಅರಬ್ಬಿಯ ಹುಲ್ಬಾ ಎಂಬ ಹೆಸರಿಗೆ ಎಷ್ಟು ಹತ್ತಿರವೆಂದು ಕಿವಿಗೆ ಗೊತ್ತಾಗುತ್ತದೆ. ಮೆಂತ್ಯದ ಹಳೆಯ ನೆಲವೂ ಆ ಕಡೆಯದೇ. ಇರಾಕಿನ ಹಳೆಯ ನೆಲೆಯೊಂದರ ಉತ್ಖನನದಲ್ಲಿ ಸುಮಾರು 6000 ವರ್ಷ ಹಿಂದಿನ ಸುಟ್ಟ ಮೆಂತ್ಯದ ಕಾಳು ಸಿಕ್ಕಿದೆ. 1922ರಲ್ಲಿ ಪತ್ತೆಯಾದ ಈಜಿಪ್ಟಿನ ದೊರೆ ಟುಟಂಖಾಮನ್‌ನ ಗೋರಿಯಲ್ಲಿ ಚಿನ್ನದ ಮುಖವಾಡ ಸಿಕ್ಕಿದ್ದು ಲೋಕಕ್ಕೆಲ್ಲ ಗೊತ್ತು. ಅದೇ ಗೋರಿಯಲ್ಲಿ ಮೆಂತ್ಯದ ಕಾಳೂ ಇತ್ತು. ಸತ್ತವನ ಜೊತೆ ಕಳಿಸುವಷ್ಟು ಬೇಕಾದ ವಸ್ತು ಅದಾಗಿತ್ತು.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಟ್ರೈಗೊನೆಲ್ಲ ಫೀನಮ್ ಗ್ರೀಕಮ್. ಫೀನಮ್ ಗ್ರೀಕಮ್ ಎಂದರೆ ಗ್ರೀಕರ ಒಣಹುಲ್ಲು. ರೋಮನ್ನರು ಇದನ್ನು ದನಗಳಿಗೆ ಮೇವಾಗಿ ಬೆಳೆಯುತ್ತಿದ್ದರು. ಈ ಹೆಸರನ್ನು ಮೊದಲ ಸಲ ಪುಸ್ತಕದಲ್ಲಿ ಓದಿದಾಗ ನನಗೆ ನಮ್ಮಜ್ಜಿಯ ಮನೆಯ ಕೊಟ್ಟಿಗೆ ನೆನಪಾಗಿತ್ತು. ಹಾಸನದ ಕಡೆಯ ಹಳ್ಳಿ ಅದು. ಹಸು ಕರು ಹಾಕಿದ ಮೂರನೆಯ ದಿನಕ್ಕೆ ಅಜ್ಜಿ ಒಂದು ಪಾವು ಮೆಂತ್ಯ ಬೇಯಿಸಿ, ಬೆಲ್ಲ ಕಲಸಿ, ಹಸುವಿನ ಮುಂದೆ ಇಡುತ್ತಿದ್ದಳು. ಅದೇ ಒಲೆಯ ಮೇಲೆ ಇನ್ನೊಂದು ವರ್ಷ ಬಾಣಂತಿಯಾಗಿ ಬಂದಿದ್ದ ನನ್ನ ಚಿಕ್ಕಮ್ಮನಿಗೆ ಮೆಂತ್ಯದ ಮುದ್ದೆ ಬೆಂದಿತ್ತು. ಹೆತ್ತವಳಿಗೆ ಮೆಂತ್ಯ ಬೇಕು, ಅವಳು ಹಸುವಾಗಲಿ ಹೆಣ್ಣಾಗಲಿ, ಎಂಬುದು ಅಜ್ಜಿಯ ಲೆಕ್ಕ.

ಗಿಡವನ್ನು ನೋಡಿದರೆ ಇದು ತೊಗರಿ, ಹೆಸರು, ಅವರೆಗಳ ನೆಂಟ. ಅದೇ ದ್ವಿದಳ ಕುಟುಂಬ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುವ ಗುಣವೂ ಇದೆ. ನಾವು ಮಸಾಲೆ ಡಬ್ಬಿಯಲ್ಲಿ ಸಾಸಿವೆ ಜೀರಿಗೆಯ ಪಕ್ಕದಲ್ಲಿ ಇಡುವುದರಿಂದ ಇದು ಮೂಲದಲ್ಲಿ ಒಂದು ಬೇಳೆಯೆಂಬುದು ಮರೆತುಹೋಗಿದೆ. ನೂರು ಗ್ರಾಂ ಮೆಂತ್ಯದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಪ್ರೋಟೀನ್, ಅರ್ಧದಷ್ಟು ನಾರು. ಆ ನಾರಿನಲ್ಲಿ ದೊಡ್ಡ ಪಾಲು ನೀವು ಈಗ ಬೆರಳಲ್ಲಿ ಹಿಸುಕಿದ ಲೋಳೆ. ಅದಕ್ಕೆ ಗ್ಯಾಲಕ್ಟೊಮ್ಯಾನನ್ ಎಂದು ಹೆಸರು. ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದು ಊದಿಕೊಳ್ಳುವ ಗೋಂದು ಅದು.

ಅಡುಗೆಮನೆಯಲ್ಲಿ ಈ ಗೋಂದಿನ ಕೆಲಸ ನೋಡಬೇಕಾದರೆ ದಕ್ಷಿಣ ಕನ್ನಡ, ಉಡುಪಿಯ ಕಡೆಯ ಮೆಂತೆ ದೋಸೆಗಿಂತ ಒಳ್ಳೆಯ ಪಾಠವಿಲ್ಲ. ಅದಕ್ಕೆ ಉದ್ದು ಹಾಕದೆ ಮಾಡುವ ಮನೆಗಳಿವೆ. ಬೆಳ್ತಿಗೆ ಅಕ್ಕಿ, ಮೆಂತೆ, ಒಂದು ಹಿಡಿ ಅವಲಕ್ಕಿ, ಸ್ವಲ್ಪ ಮಜ್ಜಿಗೆ. ನುಣ್ಣಗೆ ಅರೆದು ರಾತ್ರಿಯಿಡೀ ಹುಳಿ ಬರಿಸಿ, ಕಾವಲಿಯ ಮೇಲೆ ದಪ್ಪಗೆ ಹೊಯ್ದು, ಮುಚ್ಚಿಟ್ಟು, ಒಂದೇ ಮಗ್ಗುಲು ಬೇಯಿಸಿದರೆ ಮೇಲೆಲ್ಲ ತೂತು ತೂತಾಗಿ, ಹತ್ತಿಯಂತೆ ಏಳುತ್ತದೆ. ಉದ್ದು ಮಾಡುವ ಕೆಲಸವನ್ನು ಇಲ್ಲಿ ಮೆಂತೆಯ ಲೋಳೆ ಮಾಡಿದೆ. ಹಿಟ್ಟು ಹುದುಗುವಾಗ ಹುಟ್ಟುವ ಗಾಳಿಯ ಗುಳ್ಳೆಗಳನ್ನು ಆ ಲೋಳೆ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಮಾಮೂಲಿ ಉದ್ದಿನ ದೋಸೆಗೂ ಇಡ್ಲಿಗೂ ನಾವು ಒಂದು ಚಮಚ ಮೆಂತ್ಯ ಹಾಕುವುದು ಇದೇ ಕಾರಣಕ್ಕೆ. ಕಾವಲಿಯ ಮೇಲೆ ದೋಸೆ ಹೊಂಬಣ್ಣಕ್ಕೆ ತಿರುಗುವುದರಲ್ಲೂ ಅದರ ಪಾಲಿದೆ. ಬಹಳ ಮಂದಿ ಹೊಸದಾಗಿ ಸಂಸಾರ ಹೂಡಿದವರು ನನ್ನನ್ನು ಕೇಳುವುದುಂಟು: ಇಡ್ಲಿ ಕಲ್ಲಿನಂತಾಗುತ್ತದೆ, ಏನು ಮಾಡಲಿ? ಮೊದಲು ನಾನು ಕೇಳುವುದು, ಮೆಂತ್ಯ ಹಾಕಿದ್ದೀರಾ ಎಂದು. ಹಾಕಿದ್ದರೆ ಉದ್ದಿನ ಜೊತೆ ನೆನೆಹಾಕಿ, ಉದ್ದಿನ ಜೊತೆಯೇ ರುಬ್ಬಿದ್ದೀರಾ ಎಂದು. ಕಾಳು ಚೆನ್ನಾಗಿ ಅರೆದು ಲೋಳೆ ಹಿಟ್ಟಿಗೆ ಸೇರದಿದ್ದರೆ ಮೆಂತ್ಯ ಹಾಕಿಯೂ ಹಾಕದಂತೆಯೇ.

ಇನ್ನು ಬೇಳೆಯೊಳಗಿನ ಕಹಿ. ಅದಕ್ಕೆ ಬೆಂಕಿ ತಗಲಬೇಕು. ಹಸಿ ಮೆಂತ್ಯದ ಕಹಿ ಒರಟು. ಹದವಾಗಿ ಹುರಿದಾಗ ಅದು ಇಳಿದು ಒಂದು ಪರಿಮಳಕ್ಕೆ ಜಾಗ ಕೊಡುತ್ತದೆ. ಒಂದು ಕ್ಷಣ ಹೆಚ್ಚು ಹುರಿದರೋ, ಮತ್ತೆ ಕಹಿ, ಮೊದಲಿಗಿಂತ ಕೆಟ್ಟ ಕಹಿ. ಈ ಎರಡು ಕಹಿಗಳ ನಡುವೆ ಇರುವ ಹದ ಅರ್ಧ ನಿಮಿಷದ್ದು. ಅಜ್ಜಿ ಹುರಿಯುವಾಗ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಿರಲಿಲ್ಲ. ನನ್ನ ಕೈಗೆ ಮೊದಲ ಸಲ ಸಟ್ಟುಗ ಕೊಟ್ಟಾಗ ಹೇಳಿದ್ದು ಇಷ್ಟೇ: "ಮಗಾ, ಮೆಂತ್ಯ ಹುರಿಯೋವಾಗ ಕಣ್ಣು ಬೇರೆ ಕಡೆ ಹೋಗಬಾರದು. ಬಣ್ಣ ಕೆಂಪಗಾಗೋಕೆ ಮುಂಚೆ ಇಳಿಸು. ಬಾಂಡ್ಲೀಲಿರೋ ಕಾವು ಮಿಕ್ಕಿದ್ದು ಮಾಡ್ಕೊಳ್ಳತ್ತೆ." ಇವತ್ತಿಗೂ ಸಾರಿನ ಪುಡಿಗೆ, ಹುಳಿಪುಡಿಗೆ ಹುರಿಯುವಾಗ ನಾನು ಮೆಂತ್ಯವನ್ನು ಬೇರೆಯಾಗಿಯೇ ಹುರಿಯುತ್ತೇನೆ. ಕೊತ್ತಂಬರಿ ಬೀಜದ ಜೊತೆ ಒಟ್ಟಿಗೆ ಹಾಕಿದರೆ ಒಂದು ಹಸಿ ಉಳಿಯುತ್ತದೆ, ಇಲ್ಲ ಇನ್ನೊಂದು ಕರಿದಾಗುತ್ತದೆ. ಒಗ್ಗರಣೆಗೂ ಹಾಗೆಯೇ. ಸಾಸಿವೆ ಸಿಡಿದ ಮೇಲೆ ಮೆಂತ್ಯ, ಅದು ಬಣ್ಣ ತಿರುಗುತ್ತಿದ್ದಂತೆ ಉಳಿದದ್ದು.

ಆ ಪರಿಮಳದ ಬಗ್ಗೆ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಮೆಂತ್ಯದ ವಾಸನೆಗೆ ಮುಖ್ಯ ಕಾರಣ ಸೊಟೊಲಾನ್ ಎಂಬ ಒಂದು ರಾಸಾಯನಿಕ. ಅದು ದಟ್ಟವಾಗಿದ್ದಾಗ ಮೆಂತ್ಯದ ವಾಸನೆ, ಬಹಳ ತೆಳುವಾದಾಗ ಕಾಸಿದ ಸಕ್ಕರೆ ಪಾಕದ ವಾಸನೆ. ನ್ಯೂಯಾರ್ಕ್ ನಗರದಲ್ಲಿ 2005ರಿಂದ ಕೆಲವು ವರ್ಷ ಆಗಾಗ ಊರ ತುಂಬ ಮೇಪಲ್ ಮರದ ಸಿಹಿಪಾಕದ ವಾಸನೆ ಹಬ್ಬುತ್ತಿತ್ತು. ಜನ ಗಾಬರಿಯಿಂದ ಫೋನ್ ಮಾಡುತ್ತಿದ್ದರು. ಗಾಳಿಯ ದಿಕ್ಕು, ದೂರು ಬಂದ ಜಾಗ, ಎಲ್ಲ ಲೆಕ್ಕ ಹಾಕಿ 2009ರಲ್ಲಿ ಅಧಿಕಾರಿಗಳು ಮೂಲ ಹುಡುಕಿದರು. ನದಿಯಾಚೆ ನ್ಯೂಜೆರ್ಸಿಯಲ್ಲಿ ಸುವಾಸನೆಯ ದ್ರವ್ಯ ತಯಾರಿಸುವ ಕಾರ್ಖಾನೆಯೊಂದು ಮೆಂತ್ಯದ ಕಾಳನ್ನು ಸಂಸ್ಕರಿಸುತ್ತಿತ್ತು. ಆ ದಿನಗಳಲ್ಲಿ ಅಲ್ಲಿದ್ದ ನಮ್ಮ ಹೆಣ್ಣುಮಕ್ಕಳಲ್ಲಿ ಯಾರಾದರೂ ಮೂಗೆತ್ತಿ ಗಾಳಿಯನ್ನು ಗುರುತಿಸಿದರೇನೋ! ಹೆಚ್ಚು ಮೆಂತ್ಯ ತಿಂದವರ ಬೆವರಿಗೂ ಮೂತ್ರಕ್ಕೂ ಈ ವಾಸನೆ ಬರುತ್ತದೆ. ಎಳೆಗೂಸುಗಳಲ್ಲಿ ಇದೇ ವಾಸನೆ ತರುವ ಒಂದು ಅಪರೂಪದ ಹುಟ್ಟುಕಾಯಿಲೆಯಿದೆ. ಮೆಂತ್ಯದ ಕಷಾಯ ಕುಡಿದ ತಾಯಿಯ ಕೂಸಿಗೆ ಆ ಕಾಯಿಲೆಯೇ ಇರಬೇಕೆಂದು ವೈದ್ಯರು ಸಂಶಯಪಟ್ಟ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಬಾಣಂತಿ ಮೆಂತ್ಯ ತಿನ್ನುತ್ತಿದ್ದರೆ ಮಕ್ಕಳ ಡಾಕ್ಟರಿಗೆ ಅದನ್ನು ಹೇಳುವುದು ಒಳ್ಳೆಯದು.

ನಮ್ಮ ನಾಡಿನ ಮೆಂತ್ಯದ ಅಡುಗೆಗಳನ್ನೆಲ್ಲ ಹೇಳಲು ಈ ಹೊತ್ತು ಸಾಲದು. ಮೈಸೂರು ಕಡೆಯ ಮೆಂತ್ಯದ ಹಿಟ್ಟು ನನಗೆ ಎಲ್ಲಕ್ಕಿಂತ ಹೆಚ್ಚು ಪ್ರೀತಿಯದು. ಕಡಲೆಬೇಳೆ, ಉದ್ದಿನಬೇಳೆ, ಹೆಸರುಬೇಳೆ, ಸ್ವಲ್ಪ ಅಕ್ಕಿ, ಗೋಧಿ, ಜೀರಿಗೆ, ಮೆಣಸು, ಮೆಂತ್ಯ. ಒಂದೊಂದನ್ನೂ ಬೇರೆ ಬೇರೆ ಹುರಿದು, ಅರಿಶಿನ ಇಂಗು ಸೇರಿಸಿ, ನುಣ್ಣಗೆ ಬೀಸಿ ಡಬ್ಬಿಗೆ ತುಂಬಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಬಿಸಿ ಅನ್ನ, ತುಪ್ಪ, ಒಂದು ಚಮಚ ಈ ಹಿಟ್ಟು: ಜ್ವರ ಬಿಟ್ಟ ಮಕ್ಕಳಿಗೆ ನಾಲಿಗೆಯ ರುಚಿ ಮರಳುವುದು ಇದರಿಂದಲೇ. ಹುಣಸೆರಸಕ್ಕೆ ಬೆಲ್ಲ ಹಾಕಿ, ಈ ಹಿಟ್ಟು ಕಲಸಿ, ಒಗ್ಗರಣೆ ಕೊಟ್ಟರೆ ಐದು ನಿಮಿಷದಲ್ಲಿ ಗೊಜ್ಜು. ಮನೆಗೆ ಹೇಳದೆ ಬಂದ ನೆಂಟರ ಮಾನವನ್ನೂ ನಮ್ಮ ಮಾನವನ್ನೂ ಉಳಿಸಿದ ಗೊಜ್ಜು ಅದು. ಮಹಾರಾಷ್ಟ್ರದವರ ಮೇತ್ಕೂಟ್ ಇದರ ಅಕ್ಕ ತಂಗಿ.

ಮಲೆನಾಡಿನಲ್ಲಿ ಮೆಂತ್ಯದ ತಂಬುಳಿ. ತುಪ್ಪದಲ್ಲಿ ಮೆಂತ್ಯ, ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ತೆಂಗಿನಕಾಯಿ ತುರಿಯೊಡನೆ ಅರೆದು, ಮಜ್ಜಿಗೆಗೆ ಬೆರೆಸುವುದು. ಬೇಸಿಗೆಯ ಮಧ್ಯಾಹ್ನ ಮೊದಲ ಅನ್ನಕ್ಕೆ ಅದು ಬಿದ್ದರೆ ಉಳಿದ ಊಟ ತಾನಾಗಿ ಇಳಿಯುತ್ತದೆ. ಕರಾವಳಿಯಲ್ಲಿ ಮೆಂತೆ ಗಂಜಿಯಿದೆ: ಅಕ್ಕಿ, ಮೆಂತೆ ಬೇಯಿಸಿ, ಬೆಲ್ಲ, ತೆಂಗಿನಹಾಲು ಹಾಕಿ ಕುಡಿಯುವುದು. ಮೀನಿನ ಸಾರಿಗೆ ಅರೆಯುವ ಮಸಾಲೆಯಲ್ಲೂ ನಾಲ್ಕು ಕಾಳು ಮೆಂತೆ ಇರಲೇಬೇಕು, ಐದನೆಯದು ಹೆಚ್ಚು. ನಮ್ಮ ಹಾಸನ, ಮಂಡ್ಯದ ಕಡೆ ಮೆಂತ್ಯದ ಮುದ್ದೆ. ಹುರಿದ ಅಕ್ಕಿ, ಗೋಧಿ, ಬೇಳೆ, ಮೆಂತ್ಯದ ಹಿಟ್ಟನ್ನು ಎಸರಿಗೆ ಹಾಕಿ ತಿರುವಿ, ಮುದ್ದೆ ಕಟ್ಟಿ, ನಡುವೆ ಗುಳಿ ಮಾಡಿ ತುಪ್ಪ ಬೆಲ್ಲ ಇಡುವುದು. ಸೊಂಟನೋವಿದ್ದವರಿಗೆ, ದೊಡ್ಡವಳಾದ ಹುಡುಗಿಗೆ, ಬಾಣಂತಿಗೆ ಕೊಡುತ್ತಿದ್ದದ್ದು ಅದೇ.

ಸೊಪ್ಪಿನ ಮಾತಿಗೆ ಬಂದರೆ ನಾನು ಉತ್ತರ ಕರ್ನಾಟಕದವರಿಗೆ ಕೈಮುಗಿಯುತ್ತೇನೆ. ನಾವು ಮೆಂತ್ಯದ ಸೊಪ್ಪನ್ನು ಬೇಯಿಸದೆ ಬಾಯಿಗಿಡುವುದಿಲ್ಲ. ಅವರು ಜೋಳದ ರೊಟ್ಟಿಯ ಜೊತೆ ಹಸಿ ಮೆಂತೆ ಪಲ್ಲೆಯನ್ನು ಹೆಚ್ಚಿ, ಉಳ್ಳಾಗಡ್ಡಿ, ಗುರೆಳ್ಳಿನ ಪುಡಿ, ಒಂದಿಷ್ಟು ಎಣ್ಣೆ ಹಾಕಿ ಹಾಗೆಯೇ ತಿನ್ನುತ್ತಾರೆ. ಮೇಲೆ ಕೆನೆಮೊಸರು. ಧಾರವಾಡದ ಗೆಳತಿಯೊಬ್ಬಳ ಮನೆಯಲ್ಲಿ ಮೊದಲ ಸಲ ಅದನ್ನು ತಿಂದ ದಿನ ನನಗೆ ಅನ್ನಿಸಿತ್ತು, ಇಷ್ಟು ವರ್ಷ ನಾನು ಮೆಂತ್ಯದ ಸೊಪ್ಪಿನ ಅರ್ಧ ರುಚಿಯನ್ನು ಒಲೆಗೆ ಕೊಟ್ಟುಬಿಟ್ಟಿದ್ದೆ ಎಂದು. ಅವರ ಮೆಂತೆ ಕಡಬೂ ಹಾಗೆಯೇ, ಸೊಪ್ಪು ಹಿಟ್ಟು ಎರಡೂ ಒಂದೇ ತಟ್ಟೆಯಲ್ಲಿ ಊಟವಾಗಿಬಿಡುತ್ತದೆ.

ಸೊಪ್ಪಿನ ಕಹಿ ಹೋಗಲೆಂದು ಕೆಲವರು ಉಪ್ಪು ಹಾಕಿ ಕಿವುಚಿ, ಹಿಂಡಿ, ಆ ರಸವನ್ನು ಚೆಲ್ಲುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫೋಲೇಟ್, ಸಿ ಜೀವಸತ್ವದಂಥ ನೀರಿನಲ್ಲಿ ಕರಗುವ ಪೋಷಕಾಂಶಗಳು ಆ ಹಸಿರು ನೀರಿನ ಜೊತೆ ಚರಂಡಿಗೆ ಹೋಗುತ್ತವೆ. ಕಹಿ ಹೆಚ್ಚಾಯಿತೆನಿಸಿದರೆ ಎಳೆಯ ಸೊಪ್ಪು ತನ್ನಿ. ತೊಗರಿಬೇಳೆಯ ಜೊತೆ ಬೇಯಿಸಿ, ಒಂದು ಚೂರು ಬೆಲ್ಲ, ಒಂದು ಹಿಡಿ ಕಾಯಿತುರಿ ಹಾಕಿ. ಮಕ್ಕಳಿಗೆ ಚಪಾತಿ ಹಿಟ್ಟಿಗೆ ಕಲಸಿ ಕೊಡಿ. ಕಹಿಯನ್ನು ಪೂರ್ತಿ ತೆಗೆದ ಮೆಂತ್ಯದ ಸೊಪ್ಪು ಬರೀ ಹುಲ್ಲು.

ಪೇಟೆಯಲ್ಲಿ ಕಸೂರಿ ಮೇಥಿ ಎಂದು ಒಣಗಿದ ಎಲೆ ಸಿಗುತ್ತದೆ. ಅದು ನಮ್ಮ ಸೊಪ್ಪನ್ನೇ ಒಣಗಿಸಿದ್ದಲ್ಲ, ಮೆಂತ್ಯದ ದಾಯಾದಿಯಾದ ಇನ್ನೊಂದು ಗಿಡ. ಈಗ ಪಾಕಿಸ್ತಾನದ ಪಂಜಾಬಿನಲ್ಲಿರುವ ಕಸೂರ್ ಎಂಬ ಊರಿನಿಂದ ಆ ಹೆಸರು ಬಂತು. ನಮ್ಮ ದೇಶದಲ್ಲಿ ಅದನ್ನು ಹೆಚ್ಚಾಗಿ ಬೆಳೆಯುವುದು ರಾಜಸ್ಥಾನದ ನಾಗೌರ್‌ನಲ್ಲಿ. ಮೆಂತ್ಯದ ಕಾಳಿನಲ್ಲೂ ರಾಜಸ್ಥಾನ, ಮಧ್ಯಪ್ರದೇಶ, ಗುಜರಾತಿನ ಪಾಲು ದೊಡ್ಡದು. ಕಾಳಿಗೆ ಮೂರು ನಾಲ್ಕು ತಿಂಗಳು ಕಾಯಬೇಕು. ಸೊಪ್ಪಿಗೆ ತಿಂಗಳು ಸಾಕು. ಕೋಲಾರ, ಚಿಕ್ಕಬಳ್ಳಾಪುರದ ರೈತರು ಹಾಗೆ ತಿಂಗಳೊಪ್ಪತ್ತಿನಲ್ಲಿ ಬೆಳೆದು, ಬೆಳಗಿನ ಜಾವ ಲಾರಿಗೆ ಹಾಕುವ ಕಟ್ಟುಗಳನ್ನೇ ಬೆಂಗಳೂರಿನವರು ತಿನ್ನುತ್ತಿರುವುದು. ಜಾಗವಿಲ್ಲದವರೂ ಹಳೆಯ ತಟ್ಟೆಯಲ್ಲಿ ಮೂರು ಬೆರಳು ಮಣ್ಣು ಹಾಕಿ, ನೆನೆಸಿದ ಕಾಳು ಚೆಲ್ಲಿ, ತೆಳ್ಳಗೆ ಮಣ್ಣು ಮುಚ್ಚಿ, ದಿನಾ ನೀರು ಚಿಮುಕಿಸಿದರೆ ಕಿಟಕಿಯ ಬಳಿಯೇ ಸೊಪ್ಪು ಬರುತ್ತದೆ.

ಈಗ ಔಷಧದ ಮಾತು. ನಾನು ವೈದ್ಯೆಯಲ್ಲ. ಆಹಾರವಿಜ್ಞಾನ ಪಾಠ ಮಾಡಿಕೊಂಡು ಬಂದವಳು. ಓದಿದ್ದನ್ನೂ ಕಂಡಿದ್ದನ್ನೂ ಹೇಳುತ್ತೇನೆ.

ಮನೆಯ ಹೆಂಗಸರು ಮೆಂತ್ಯ ತಂಪು ಎನ್ನುತ್ತಾರೆ. ಹೊಟ್ಟೆನೋವು, ಭೇದಿಯಾದರೆ ಒಂದು ಚಮಚ ಮೆಂತ್ಯ ಬಾಯಿಗೆ ಹಾಕಿಕೊಂಡು ಮಜ್ಜಿಗೆ ಕುಡಿಯುವುದು, ನೆನೆಸಿ ಅರೆದು ಮೊಸರಲ್ಲಿ ಕಲಸಿ ತಲೆಗೆ ಹಚ್ಚುವುದು, ಸೀಗೇಪುಡಿಗೆ ಬೆರೆಸುವುದು, ಎಲ್ಲ ತಂಪಿಗಾಗಿ. ಆಯುರ್ವೇದದ ವೈದ್ಯರನ್ನು ಕೇಳಿದರೆ ಮೆಂತ್ಯ ಉಷ್ಣವೀರ್ಯ, ವಾತವನ್ನು ಶಮನ ಮಾಡುವಂಥದ್ದು ಎನ್ನುತ್ತಾರೆ. ಭಾವಪ್ರಕಾಶದಲ್ಲಿ ಮೇಥಿಕಾ ಹಾಗೆಯೇ ಬಂದಿದೆ. ಇಬ್ಬರಲ್ಲಿ ಯಾರು ಸರಿ? ನನಗೆ ಕಾಣುವಂತೆ ಇಬ್ಬರೂ ಬೇರೆ ಬೇರೆ ಮೆಂತ್ಯದ ಮಾತಾಡುತ್ತಿದ್ದಾರೆ. ನೆನೆಸಿ, ಲೋಳೆ ಬಿಡಿಸಿ, ಮಜ್ಜಿಗೆಯೊಡನೆ ಕೊಟ್ಟದ್ದು ಹೊಟ್ಟೆಗೂ ತಲೆಗೂ ಹಿತವಾಗಿ ತಂಪೆನಿಸುತ್ತದೆ. ಹುರಿದು, ಬೆಲ್ಲ ತುಪ್ಪದೊಡನೆ ಬಾಣಂತಿಗೆ ಕೊಟ್ಟದ್ದು ಮೈಬಿಸಿಗಾಗಿ. ಕಾಳು ಒಂದೇ, ಮಾಡುವ ಬಗೆಯಿಂದ ಗುಣ ಬದಲಾಯಿತು.

ಸಕ್ಕರೆ ಕಾಯಿಲೆಗೆ ಮೆಂತ್ಯ ಎಂಬ ಮಾತು ಈಗ ಮನೆಮನೆಯಲ್ಲಿದೆ. ಅದಕ್ಕೆ ಆಧಾರವಿಲ್ಲದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಇನ್ಸುಲಿನ್ ತೆಗೆದುಕೊಳ್ಳುವ ರೋಗಿಗಳ ಊಟದಲ್ಲಿ ಜಿಡ್ಡು ತೆಗೆದ ಮೆಂತ್ಯದ ಪುಡಿ ಸೇರಿಸಿ ನೋಡಿ, 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ರಕ್ತದ ಸಕ್ಕರೆಯೂ ಕೊಲೆಸ್ಟ್ರಾಲೂ ಇಳಿದವು. ಆಮೇಲಿನ ಇನ್ನೊಂದು ಅಧ್ಯಯನದಲ್ಲಿ ನಡುವಯಸ್ಸಿನಲ್ಲಿ ಬರುವ ಸಾಮಾನ್ಯ ಮಧುಮೇಹದ 60 ಮಂದಿಗೆ 24 ವಾರ ಮೆಂತ್ಯ ಕೊಟ್ಟಾಗಲೂ ಸಕ್ಕರೆ ಇಳಿಯಿತು. ಕಾರಣ ಮತ್ತೆ ಅದೇ ಲೋಳೆ. ಊಟದ ಜೊತೆ ಅದು ಹೊಟ್ಟೆಗೆ ಹೋದಾಗ ಉಂಡದ್ದೆಲ್ಲ ಗಂಜಿಯಂತೆ ಮಂದವಾಗಿ, ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗದೆ ನಿಧಾನವಾಗಿ ಸೇರುತ್ತದೆ. ಕಾಳಿನಲ್ಲಿರುವ 4-ಹೈಡ್ರಾಕ್ಸಿ ಐಸೊಲ್ಯೂಸಿನ್ ಎಂಬ ಅಪರೂಪದ ಅಮೈನೊ ಆಮ್ಲ ಇನ್ಸುಲಿನ್ ಸ್ರಾವವನ್ನು ಹೆಚ್ಚಿಸುತ್ತದೆಂದು ಪ್ರಯೋಗಶಾಲೆಯಲ್ಲಿ ಕಂಡಿದೆ.

ಆದರೆ ಇಲ್ಲಿಯೇ ನಿಲ್ಲಿ. ಎಷ್ಟು ಮೆಂತ್ಯ? 1990ರ ಆ ಪ್ರಯೋಗದಲ್ಲಿ ದಿನಕ್ಕೆ 100 ಗ್ರಾಂ, ಮಧ್ಯಾಹ್ನ ಅರ್ಧ, ರಾತ್ರಿ ಅರ್ಧ. ಎರಡನೆಯದರಲ್ಲಿ ದಿನಕ್ಕೆ 25 ಗ್ರಾಂ. ಮನೆಯ ಚಹಾ ಚಮಚದಲ್ಲಿ ಒಂದು ಚಮಚ ಮೆಂತ್ಯ ತೂಗಿದರೆ ಸುಮಾರು 4 ಗ್ರಾಂ. ಅಂದರೆ 25 ಗ್ರಾಂ ಎಂದರೆ ಆರು ಚಮಚಕ್ಕಿಂತ ಹೆಚ್ಚು, ದಿನದಿನವೂ. ನಮ್ಮ ದೋಸೆಹಿಟ್ಟಿಗೆ ಎರಡು ಚಮಚ ಹಾಕಿ ನಾಲ್ಕು ಜನ ಎರಡು ದಿನ ತಿಂದರೆ ಒಬ್ಬೊಬ್ಬರಿಗೆ ದಿನಕ್ಕೆ ಒಂದು ಗ್ರಾಂ ಬಂತು. ಒಗ್ಗರಣೆಯ ಲೆಕ್ಕ ಇನ್ನೂ ಸಣ್ಣದು. "ನಾನು ದಿನಾ ಮೆಂತ್ಯ ತಿನ್ನುತ್ತೇನೆ, ಶುಗರ್ ಮಾತ್ರೆ ಬಿಟ್ಟಿದ್ದೇನೆ" ಎಂದು ಹೇಳುವವರನ್ನು ಕಂಡಾಗ ನನಗೆ ನಿಜವಾಗಿ ಭಯವಾಗುತ್ತದೆ. ಅವರು ತಿನ್ನುತ್ತಿರುವುದು ಚಿಟಿಕೆ. ಪುಸ್ತಕದಲ್ಲಿ ಕೆಲಸ ಮಾಡಿದ್ದು ಹಿಡಿ. ಆ ಹಿಡಿಯೂ ಮಾತ್ರೆಯ ಬದಲಿಗೆ ಕೊಟ್ಟದ್ದಲ್ಲ, ವೈದ್ಯರ ಕಣ್ಣಳತೆಯಲ್ಲಿ ಕೊಟ್ಟದ್ದು.

ಇನ್ನೊಂದು ತಪ್ಪೂ ಬಹಳ ಕಡೆ ನಡೆಯುತ್ತಿದೆ. ರಾತ್ರಿ ನೆನೆಸಿ, ಬೆಳಿಗ್ಗೆ ಖಾಲಿಹೊಟ್ಟೆಯಲ್ಲಿ ಆ ನೀರು ಕುಡಿದು, ಕಾಳನ್ನು ಎಸೆಯುವುದು. ಲೋಳೆಯ ಬಹುಪಾಲು ಕಾಳಿನಲ್ಲೇ ಉಳಿದಿರುತ್ತದೆ. ಉಳಿಸಬೇಕಾದ್ದನ್ನು ಎಸೆದಂತಾಯಿತು. ಕಾಳನ್ನು ಅಗಿಯದೆ ಗುಳಿಗೆಯಂತೆ ನುಂಗಿದರೂ ಪ್ರಯೋಜನ ಕಡಿಮೆ. ನೆನೆದ ಕಾಳನ್ನು ಅಗಿದು, ಇಲ್ಲವೆ ಪುಡಿಯನ್ನು ಮಜ್ಜಿಗೆಗೋ ಚಪಾತಿ ಹಿಟ್ಟಿಗೋ ಬೆರೆಸಿ, ಊಟದ ಹೊತ್ತಿಗೇ ತಿನ್ನಬೇಕು. ಅದು ಕೆಲಸ ಮಾಡುವುದು ಆ ಊಟದ ಮೇಲೆ.

ನಮ್ಮ ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಿಂದ ಇರುವ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳೂ ಮಸಾಲೆ ಪದಾರ್ಥಗಳ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಮೆಂತ್ಯ ಸೇರಿಸಿದ ಆಹಾರ ತಿಂದ ಇಲಿಗಳಲ್ಲಿ ಕೊಲೆಸ್ಟ್ರಾಲ್ ತಗ್ಗಿದ್ದನ್ನೂ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದು ಕಡಿಮೆಯಾದದ್ದನ್ನೂ ಅವರು ತೋರಿಸಿದರು. ನಮ್ಮೂರಿನ ವಿದ್ಯೆಯೆಂದು ನನಗೆ ಹೆಮ್ಮೆ. ಆದರೆ ಇಲಿಯಲ್ಲಿ ಕಂಡದ್ದನ್ನು ಹಿಡಿದುಕೊಂಡು ಪಿತ್ತಕೋಶದ ಕಲ್ಲಿಗೆ ಮೆಂತ್ಯ ತಿಂದು ಮನೆಯಲ್ಲಿ ಕೂರಬಾರದು.

ಬಾಣಂತಿಯ ಹಾಲಿನ ವಿಚಾರ ಸೂಕ್ಷ್ಮ. ನಮ್ಮಲ್ಲಷ್ಟೇ ಅಲ್ಲ, ಅರಬ್ಬರ ನಾಡಿನಿಂದ ಇಲ್ಲಿಯವರೆಗೆ ಹೆಂಗಸರು ಹಾಲಿಗಾಗಿ ಮೆಂತ್ಯ ತಿಂದಿದ್ದಾರೆ. ಅಧ್ಯಯನಗಳು ಚಿಕ್ಕವು. ಕೆಲವು ಹಾಲು ಹೆಚ್ಚಿತೆನ್ನುತ್ತವೆ, ಕೆಲವು ವ್ಯತ್ಯಾಸವಿಲ್ಲ ಎನ್ನುತ್ತವೆ. ಕೂಸು ಮತ್ತೆ ಮತ್ತೆ ಚೀಪಿದಷ್ಟೂ ಹಾಲು ಬರುತ್ತದೆ ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ. ಮೆಂತ್ಯದ ಮುದ್ದೆಯ ಜೊತೆಗೆ ನಮ್ಮಜ್ಜಿ ಚಿಕ್ಕಮ್ಮನಿಗೆ ತುಪ್ಪ, ಬೇಳೆ, ಬೆಲ್ಲ, ಬಿಸಿನೀರು, ನಿದ್ದೆ, ಕೆಲಸದಿಂದ ಬಿಡುವು, ಎಲ್ಲವನ್ನೂ ಕೊಟ್ಟಿದ್ದಳು. ಈಗ ಡಬ್ಬಿಯಲ್ಲಿ ಮೆಂತ್ಯದ ಗುಳಿಗೆ ತಂದುಕೊಟ್ಟು, ಉಳಿದ ಯಾವುದನ್ನೂ ಕೊಡದೆ, ಹಾಲು ಬರಲಿಲ್ಲವೆಂದು ಆ ಹುಡುಗಿಯನ್ನೇ ದೂರುವ ಮನೆಗಳನ್ನು ನೋಡಿದ್ದೇನೆ. ಅದು ಅನ್ಯಾಯ.

ಎಚ್ಚರದ ಮಾತುಗಳು ಬೇಕು, ಇನ್ನೂ ಕೆಲವು ಹೇಳಿಬಿಡುತ್ತೇನೆ. ಬಸುರಿಯರು ಅಡುಗೆಯಲ್ಲಿ ಬರುವಷ್ಟು ಮೆಂತ್ಯ, ಸೊಪ್ಪಿನ ಪಲ್ಯ ತಿನ್ನಬಹುದು. ಪುಡಿ, ಕಷಾಯ, ಗುಳಿಗೆಯೆಂದು ಹೆಚ್ಚು ಪ್ರಮಾಣದಲ್ಲಿ ಬೇಡ, ಗರ್ಭಕೋಶಕ್ಕೆ ಒಳ್ಳೆಯದಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮೆಂತ್ಯವನ್ನೂ ಹಿಡಿಯ ಲೆಕ್ಕದಲ್ಲಿ ತಿಂದರೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗಿಳಿಯಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್‌ಫರಿನ್ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕಡಲೆಕಾಯಿ, ಕಡಲೆ ಒಗ್ಗದವರಲ್ಲಿ ಕೆಲವರಿಗೆ ಮೆಂತ್ಯವೂ ಒಗ್ಗುವುದಿಲ್ಲ, ಅವು ಒಂದೇ ಕುಲದವು. ಒಮ್ಮೆಗೇ ಹೆಚ್ಚು ತಿಂದರೆ ಯಾರಿಗಾದರೂ ಹೊಟ್ಟೆಯುಬ್ಬರ, ಭೇದಿ.

ಮೊಳಕೆಯ ವಿಷಯ ಬೇರೆಯಾಗಿಯೇ ಹೇಳಬೇಕು. ಮೊಳಕೆ ಬರಿಸಿದಾಗ ಕಹಿ ತಗ್ಗುತ್ತದೆ, ಜೀರ್ಣವೂ ಸುಲಭ. ಆದರೆ 2011ರಲ್ಲಿ ಜರ್ಮನಿಯಲ್ಲಿ ಹಸಿ ಮೊಳಕೆಕಾಳು ತಿಂದು ಸುಮಾರು 4000 ಮಂದಿ ಕಾಯಿಲೆಬಿದ್ದರು, 50ಕ್ಕೂ ಹೆಚ್ಚು ಮಂದಿ ಸತ್ತರು. ಇ. ಕೋಲಿ ಎಂಬ ಬ್ಯಾಕ್ಟೀರಿಯದ ಒಂದು ಕ್ರೂರ ತಳಿ ಅದಕ್ಕೆ ಕಾರಣ. ಹುಡುಕುತ್ತಾ ಹೋದಾಗ ದಾರಿ ಮುಟ್ಟಿದ್ದು ಈಜಿಪ್ಟಿನಿಂದ ಬಂದಿದ್ದ ಮೆಂತ್ಯದ ಬಿತ್ತನೆ ಕಾಳಿಗೆ. ತಪ್ಪು ಮೆಂತ್ಯದ್ದಲ್ಲ, ಎಲ್ಲೋ ಅದಕ್ಕೆ ಹತ್ತಿದ ಹೊಲಸಿನದು. ಬೆಚ್ಚಗೆ, ಒದ್ದೆಯಾಗಿ ಮೊಳಕೆ ಬರಿಸುವ ಬಟ್ಟೆಯ ಗಂಟು ಬ್ಯಾಕ್ಟೀರಿಯಕ್ಕೂ ಒಳ್ಳೆಯ ಮನೆ. ಆದ್ದರಿಂದ ಕಾಳನ್ನು ನಾಲ್ಕೈದು ಸಲ ತೊಳೆದು ನೆನೆಹಾಕಿ. ಮೊಳಕೆಯನ್ನು ಒಂದು ಹಬೆಯಾದರೂ ಹಾಯಿಸಿ, ಇಲ್ಲವೆ ಒಗ್ಗರಣೆಯಲ್ಲಿ ಬಾಡಿಸಿ ತಿನ್ನಿ. ಮಕ್ಕಳಿಗೆ, ವಯಸ್ಸಾದವರಿಗೆ, ಬಸುರಿಯರಿಗೆ ಹಸಿ ಮೊಳಕೆ ಕೊಡಲೇಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ನಾನು ಮೆಂತ್ಯವನ್ನು ದೂರ ಇಡಿ ಎನ್ನುತ್ತಿಲ್ಲ. ಇನ್ನೂ ಹತ್ತಿರ ತನ್ನಿ ಎನ್ನುತ್ತಿದ್ದೇನೆ. ವಾರಕ್ಕೆರಡು ದಿನ ಸೊಪ್ಪು, ದೋಸೆಗೊಂದು ಚಮಚ, ಬೇಸಿಗೆಗೆ ತಂಬುಳಿ, ಡಬ್ಬಿಯಲ್ಲಿ ಸದಾ ಮೆಂತ್ಯದ ಹಿಟ್ಟು. ಇದು ಔಷಧವಲ್ಲ, ಊಟ. ಇದಕ್ಕೆ ಯಾರ ಚೀಟಿಯೂ ಬೇಡ. ಔಷಧವೆಂದು ಹಿಡಿಯಾಗಿ ತಿನ್ನಬೇಕಾದಾಗ ಮಾತ್ರ ಅಳೆದು, ಕೇಳಿ, ತಿನ್ನಿ.

ಅಳತೆಯ ಮಾತು ಬಂದದ್ದರಿಂದ ಒಂದು ಕೋರಿಕೆ. ನಮ್ಮಜ್ಜಿ ಮಾಡುತ್ತಿದ್ದ ಮೆಂತ್ಯದ ಮುದ್ದೆ ಈಗ ನನ್ನಿಂದ ಆ ಹದಕ್ಕೆ ಬರುವುದಿಲ್ಲ. ಅವಳು ಎಲ್ಲವನ್ನೂ ಕೈ ಅಳತೆಯಲ್ಲಿ ಹಾಕುತ್ತಿದ್ದಳು, ಅವಳ ಒಂದು ಹಿಡಿ ಎಷ್ಟು ಗ್ರಾಂ ಎಂದು ನಾನು ಯಾವತ್ತೂ ತೂಗಿ ನೋಡಲಿಲ್ಲ. ನೋಡಬೇಕೆನ್ನಿಸಿದಾಗ ಅವಳಿರಲಿಲ್ಲ. ನಿಮ್ಮ ಮನೆಯಲ್ಲಿ ಅಜ್ಜಿ, ಅಮ್ಮ, ಅತ್ತೆ ಯಾರಾದರೂ ಇಂಥ ಕೈಯವರು ಇದ್ದರೆ, ಮುಂದಿನ ಸಲ ಅವರು ಮೆಂತ್ಯದ ಹಿಟ್ಟಿಗೋ ಮುದ್ದೆಗೋ ಕಾಳು ಅಳೆಯುವಾಗ ಪಕ್ಕದಲ್ಲಿ ಒಂದು ತಕ್ಕಡಿ, ಒಂದು ಪುಸ್ತಕ ಇಟ್ಟುಕೊಂಡು ಕೂತುಕೊಳ್ಳಿ. ಅವರ ಹಿಡಿಯನ್ನು ತಕ್ಕಡಿಗೆ ಸುರಿಸಿಕೊಂಡು, ತೂಕವನ್ನು ಅವರ ಹೆಸರಿನೊಡನೆ ಬರೆದಿಡಿ. ಈ ವಾರವೇ ಮಾಡಿ.